ಕೈ ಎತ್ತಿದರೂ ಹಾಜರಿಯೇ

ಮಕ್ಕಳೇ, ಮತ್ತು ಮಕ್ಕಳ ಪಕ್ಕದಲ್ಲಿ ಕುಳಿತು ಇದನ್ನು ಓದುವ ನನ್ನ ಓರಗೆಯ ಅಜ್ಜ-ಅಜ್ಜಿಯರೇ,

ಈ ವಾರದ ಮಾತು ಒಂದು ಹೊಟ್ಟೆನೋವಿನಿಂದ ಶುರುವಾಗುತ್ತದೆ.

ರಾಯಚೂರಿನ ನಮ್ಮ ಮನೆಯಲ್ಲಿ ಏಳನೇ ತರಗತಿ ಓದುವ ಮೊಮ್ಮಗಳಿದ್ದಾಳೆ. ಮನೆಯಲ್ಲಿ ಆಕೆಯ ಬಾಯಿ ಮುಚ್ಚಿಸುವುದೇ ಕಷ್ಟ. ಅಜ್ಜಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಂತು ಊರ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಅಂಥ ಹುಡುಗಿ ಈ ವರ್ಷ ಶಾಲೆ ಶುರುವಾದ ಮೇಲೆ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂರತೊಡಗಿದಳು.

“ತಾತ, ಹೊಟ್ಟಿ ನೋಯಾಕತ್ತದ. ಇವತ್ತು ಸಾಲಿಗೆ ಹೋಗಲ್ಲ.”

ಅಜ್ಜಿ ಅಜವಾನ ಜಗಿಯಲು ಕೊಟ್ಟಳು. ಇಂಗಿನ ನೀರು ಕುಡಿಸಿದಳು. ಮೆಣಸಿನಕಾಯಿ, ಉಪ್ಪು ಹಿಡಿದು ದೃಷ್ಟಿ ತೆಗೆದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ ಅಂದರು. ಏನೂ ಇಲ್ಲ ಅಂದದ್ದೇ ತಡ, ನನ್ನ ಮಗನಿಗೆ ಸಿಟ್ಟು ಬಂತು. “ನಾಟಕ ಮಾಡಬ್ಯಾಡ, ಬ್ಯಾಗ್ ತಗೋ” ಅಂದ.

ಮೂವತ್ತೈದು ವರ್ಷ ಮೇಷ್ಟರಾಗಿದ್ದವನಿಗೆ ಹಾಜರಿ ಪುಸ್ತಕ ನೋಡುವ ಚಟ ಹೋಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಗಳಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದೆ. ನಾಲ್ಕು ಗುರುತು ಬಿದ್ದವು, ನಾಲ್ಕೂ ಗುರುವಾರ. ಗುರುವಾರದ ಗುಟ್ಟೇನು ಅಂತ ವಿಚಾರಿಸಿದೆ. ಆಕೆಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಂದೊಂದು ದಿನ ಒಂದೊಂದು ತರಗತಿಯವರು ಪತ್ರಿಕೆಯ ಮುಖ್ಯ ಸುದ್ದಿ ಓದಬೇಕು. ಗುರುವಾರ ಏಳನೇ ತರಗತಿಯ ಪಾಳಿ.

ಸಂಜೆ ಮಾಳಿಗೆ ಮೇಲೆ ಕೂಡಿಸಿಕೊಂಡು ಮೆಲ್ಲಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು:

“ಎಲ್ಲಾರೂ ನನ್ನೇ ನೋಡ್ತಾರ ತಾತ. ಅಕ್ಷರ ಕುಣದಂಗ ಆಗ್ತಾವ. ಬಾಯಿ ಒಣಗ್ತದ. ತಪ್ಪು ಓದಿದ್ರ ನಗ್ತಾರ, ಓದದಿದ್ರೂ ನಗ್ತಾರ.”

ಆ ಮಾತು ಕೇಳಿದ್ದೇ ನನಗೆ ದೇವದುರ್ಗ ತಾಲ್ಲೂಕಿನ ಒಂದು ಶಾಲೆಯ ಹದಿನೇಳನೇ ನಂಬರಿನ ಹುಡುಗ ನೆನಪಾದ.

1994ರ ಸುಮಾರಿನ ಮಾತು. ಆಗ ನಾನು ಆ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರು. ಐದನೇ ತರಗತಿಯಲ್ಲಿ ಒಬ್ಬ ಹುಡುಗ. ಬರವಣಿಗೆ ದುಂಡಗೆ, ಲೆಕ್ಕ ಚುರುಕು. ಆದರೆ ಹೆಸರು ಕೂಗಿದರೆ ‘ಹಾಜರ್ ಸಾರ್’ ಅನ್ನುತ್ತಿರಲಿಲ್ಲ. ತಲೆ ತಗ್ಗಿಸಿ ಕೂರುತ್ತಿದ್ದ. ಇದು ಸೊಕ್ಕು ಅಂದುಕೊಂಡೆ. ಒಂದು ದಿನ ಎಬ್ಬಿಸಿ ಎಲ್ಲರ ಮುಂದೆ ನಿಲ್ಲಿಸಿ, “ಹಾಜರ್ ಅನ್ನೋ ತನಕ ಕೂಡಂಗಿಲ್ಲ” ಅಂದೆ. ತರಗತಿ ನಕ್ಕಿತು. ನಾನೂ ನಕ್ಕೆ. ಆತನ ಕಾಲು ನಡುಗುತ್ತಿದ್ದದ್ದು ನನಗೆ ಕಂಡಿತ್ತು. ಹೆದರಿಕೆ ಹುಟ್ಟಿದರೆ ಬುದ್ಧಿ ಬರುತ್ತದೆ ಅಂತ ನಾವು ಕಲಿತದ್ದೂ ಹಾಗೆಯೇ, ಕಲಿಸಿದ್ದೂ ಹಾಗೆಯೇ.

ದೀಪಾವಳಿ ಸೂಟಿ ಮುಗಿದ ಮೇಲೆ ಆತ ಬರಲಿಲ್ಲ. ಒಂದು ಸಲ ಮನೆಗೆ ಹೋಗಿ ಕೇಳಿದೆ. ಹೊಲಕ್ಕೆ ಹೋಗಿದ್ದಾನೆ ಅಂದರು. ಹಾಜರಿ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ‘ದೀರ್ಘ ಗೈರು’ ಅಂತ ಬರೆದೆ. ಅಲ್ಲಿಗೆ ಮರೆತೆ.

ಹೋದ ವರ್ಷ ಒಂದು ಮದುವೆಗೆಂದು ಮಾನ್ವಿಗೆ ಹೋಗಿದ್ದೆ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಟೈರ್ ಪಂಚರ್ ಹಾಕುವ ಅಂಗಡಿ. ನಮ್ಮ ಸಂಬಂಧಿಕರ ಬೈಕು ಅಲ್ಲಿ ನಿಂತಿತ್ತು. ಟ್ಯೂಬು ನೀರಲ್ಲಿ ಅದ್ದುತ್ತಿದ್ದವನು ನನ್ನ ಮುಖ ನೋಡಿ, ಕಣ್ಣು ಕೆಳಗೆ ಹಾಕಿ, “ನೀವು ನಮ್ಮ ಸಾರ್ ಅಲ್ರೀ?” ಅಂದ. ಆತನೇ.

ಗಿರಾಕಿ ಕಡಿಮೆ ಇದ್ದ ಹೊತ್ತು. ಚಹಾ ತರಿಸಿದ. ಆಮೇಲೆ ಟ್ಯೂಬಿನ ಕಡೆಗೇ ನೋಡುತ್ತ ಮಾತಾಡಿದ:

“ಉತ್ತರ ಎಲ್ಲ ಗೊತ್ತಿರ್ತಿತ್ರೀ ಸಾರ್. ಬಾಯಿ ಬರ್ತಿರಲಿಲ್ಲ. ನನ್ನ ಹೆಸರು ಹದಿನೇಳನೇದ್ರೀ. ನೀವು ಹನ್ನೆರಡನೇ ಹೆಸರು ಕೂಗಿದ ಕೂಡ್ಲೆ ಎದಿ ಹೊಡ್ಕೊಳ್ಳಾಕ ಸುರು ಆಗ್ತಿತ್ತು. ನನ್ನ ಹೆಸರು ಬರೋದ್ರಾಗ ಗಂಟಲು ಕಟ್ಟಿಬಿಡ್ತಿತ್ತು.”

ಆ ಗಂಟಲು ಈಗಲೂ ಬಿಟ್ಟಿಲ್ಲವಂತೆ. ತಂಗಿಯ ಮದುವೆಯಲ್ಲಿ ಚಪ್ಪರದೊಳಗೆ ನಿಲ್ಲಲಾಗದೆ ಅಡುಗೆಯವರ ಹಿಂದೆ ಪಾತ್ರೆ ಎತ್ತುತ್ತ ಇದ್ದನಂತೆ. ಅಂಗಡಿಗೆ ಸಾಲ ಬೇಕಿತ್ತು. ಬ್ಯಾಂಕಿನ ಬಾಗಿಲ ತನಕ ಮೂರು ಸಲ ಹೋಗಿ, ಸಾಹೇಬರ ಮುಂದೆ ಮಾತಾಡಬೇಕಲ್ಲ ಅಂತ ಮೂರು ಸಲವೂ ತಿರುಗಿ ಬಂದನಂತೆ. ಕಡೆಗೆ ಬಡ್ಡಿ ಸಾಲ ತಂದು ಅಂಗಡಿ ಹಾಕಿದ. “ಅಲ್ಲಿ ಮಾತಾಡಂಗಿಲ್ರೀ, ಹೆಬ್ಬೆಟ್ಟು ಒತ್ತಿದ್ರ ಆಯ್ತು” ಅಂದ.

ದುಂಡಗೆ ಬರೆಯುತ್ತಿದ್ದ ಹುಡುಗ ಅಂತ ಮೊದಲೇ ಹೇಳಿದೆನಲ್ಲ. ಆ ಹೆಬ್ಬೆಟ್ಟಿನ ಮಾತು ನನ್ನನ್ನು ಬಹಳ ದಿನ ಮಲಗಗೊಡಲಿಲ್ಲ.

ಮಕ್ಕಳೇ, ಇದಕ್ಕೆ ಡಾಕ್ಟರುಗಳು ‘ಸಾಮಾಜಿಕ ಆತಂಕ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಸೋಷಿಯಲ್ ಆಂಗ್ಸೈಟಿ. ನಾಚಿಕೆ ಎಲ್ಲರಿಗೂ ಇರುತ್ತದೆ. ಹೊಸಬರು ಬಂದರೆ ಬಾಗಿಲ ಹಿಂದೆ ನಿಲ್ಲುವ ಮಗು ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೊರಗೆ ಬರುತ್ತದೆ. ಅದು ನಾಚಿಕೆ, ಕಾಯಿಲೆಯಲ್ಲ. ಆತಂಕದ ರೀತಿ ಬೇರೆ. ಜನ ನನ್ನನ್ನು ನೋಡುತ್ತಾರೆ, ನನ್ನಲ್ಲಿ ತಪ್ಪು ಹುಡುಕುತ್ತಾರೆ ಎಂಬ ಭಯ ಮೊದಲೇ ಬಂದು ಕೂರುತ್ತದೆ. ಭಾಷಣ ಬುಧವಾರ ಇದ್ದರೆ ನಿದ್ದೆ ಭಾನುವಾರವೇ ಹೋಗುತ್ತದೆ. ಮುಗಿದ ಮೇಲೂ, ಹಾಗೆ ಅಂದೆನಲ್ಲ, ಹೀಗೆ ನಿಂತೆನಲ್ಲ ಅಂತ ಮನಸ್ಸು ಅದನ್ನೇ ಮೆಲುಕು ಹಾಕುತ್ತದೆ. ಎಲ್ಲರೆದುರು ಊಟ ಮಾಡುವುದು, ಅಂಗಡಿಯಲ್ಲಿ ಚಿಲ್ಲರೆ ಕೇಳುವುದು, ಫೋನ್ ಎತ್ತುವುದು, ಇಂಥ ಸಣ್ಣ ಕೆಲಸವೂ ಬೆಟ್ಟವಾಗುತ್ತದೆ. ಬಹಳ ಮಂದಿಗೆ ಇದು ಶುರುವಾಗುವುದು ನಿಮ್ಮ ವಯಸ್ಸಿನಲ್ಲೇ, ಹತ್ತು-ಹದಿನೈದರ ಆಜುಬಾಜು.

ಹೊಟ್ಟೆನೋವು ಸುಳ್ಳೇ? ಅಲ್ಲ. ನಮ್ಮ ಮೈಯೊಳಗೆ ಒಂದು ಕಾವಲು ನಾಯಿ ಇದೆ ಅಂದುಕೊಳ್ಳಿ. ಅಪಾಯ ಕಂಡರೆ ಅದು ಬೊಗಳುತ್ತದೆ. ಎದೆ ಜೋರಾಗಿ ಹೊಡೆಯುತ್ತದೆ, ಕೈಕಾಲಿಗೆ ರಕ್ತ ನುಗ್ಗುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ಕಿವುಚುತ್ತದೆ. ಹಾವು ಕಂಡಾಗ ಓಡಲು ಇದೆಲ್ಲ ಬೇಕು. ಕೆಲವರ ನಾಯಿ ಕಳ್ಳನನ್ನು ಕಂಡರೂ ಬೊಗಳುತ್ತದೆ, ಟಪಾಲಿನವನನ್ನು ಕಂಡರೂ ಬೊಗಳುತ್ತದೆ. ಕಾಗದ ಕೊಟ್ಟು ಟಪಾಲಿನವನು ತನ್ನ ಪಾಡಿಗೆ ತಾನು ಹೋಗುತ್ತಾನೆ. ನಾಯಿ ಮಾತ್ರ, ತಾನು ಬೊಗಳಿದ್ದಕ್ಕೇ ಹೋದ, ಮನೆ ಉಳಿಯಿತು ಅಂದುಕೊಳ್ಳುತ್ತದೆ. ನಾಳೆ ಇನ್ನೂ ಜೋರಾಗಿ ಬೊಗಳುತ್ತದೆ.

ಶಾಲೆ ತಪ್ಪಿಸಿಕೊಂಡ ಗುರುವಾರವೂ ಹೀಗೆಯೇ. ಮನೆಯಲ್ಲಿ ಉಳಿದ ಕೂಡಲೇ ಹೊಟ್ಟೆನೋವು ನಿಲ್ಲುತ್ತದೆ. ನಿಂತದ್ದು ಕಂಡು ದೊಡ್ಡವರು ‘ನೋಡು, ನಾಟಕ’ ಅನ್ನುತ್ತಾರೆ. ಮಗುವಿನ ಮೈಯೋ ‘ತಪ್ಪಿಸಿಕೊಂಡೆ, ಬದುಕಿದೆ’ ಅಂತ ಪಾಠ ಕಲಿಯುತ್ತದೆ. ಮುಂದಿನ ಗುರುವಾರ ನೋವು ಹೆಚ್ಚುತ್ತದೆ. ಹಾಗಂತ ನಾಯಿಗೆ ಹೊಡೆದರೆ ಅದು ಬೊಗಳುವುದು ಬಿಡುವುದಿಲ್ಲ, ಹೆದರಿ ಕಚ್ಚುತ್ತದೆ. ನಾನು ಆ ಹುಡುಗನನ್ನು ನಿಲ್ಲಿಸಿದ್ದು ಹಾಗೆ ಹೊಡೆದದ್ದೇ. ನಾಯಿಯನ್ನು ಹಗ್ಗ ಹಿಡಿದು ಟಪಾಲಿನವನ ಹತ್ತಿರ ದಿನಕ್ಕೆ ಒಂದೊಂದು ಹೆಜ್ಜೆ ಕರೆದೊಯ್ಯಬೇಕು. ಮೂಸಿ ನೋಡಲಿ. ಈತ ಕಳ್ಳನಲ್ಲ ಅಂತ ತಾನೇ ತಿಳಿಯಲಿ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇಂಥ ಸಂಗತಿಗಳನ್ನು ಮುಚ್ಚಿಡದೆ ಬರೆದಿದ್ದಾರೆ. ಹುಡುಗನಾಗಿದ್ದಾಗ ಯಾರಾದರೂ ಗೇಲಿ ಮಾಡಿಯಾರೆಂದು ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದರು. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ತಮ್ಮ ಅಭಿಪ್ರಾಯ ಬರೆದುಕೊಂಡು ಹೋದರು. ಓದಲು ಧೈರ್ಯ ಸಾಲದೆ ಬೇರೆಯವರು ಓದಬೇಕಾಯಿತು. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆ. ಸಾಕ್ಷಿಯನ್ನು ಪ್ರಶ್ನಿಸಲು ಎದ್ದರು, ತಲೆ ಸುತ್ತಿದಂತಾಗಿ ಕುಳಿತುಬಿಟ್ಟರು. ಪಡೆದಿದ್ದ 30 ರೂಪಾಯಿ ಫೀಜು ವಾಪಸು ಕೊಟ್ಟು ಬೇರೆ ವಕೀಲರನ್ನು ಹಿಡಿಯಿರಿ ಅಂದರು. 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆಯಲ್ಲಿ ಮಾತಾಡಿದ್ದನ್ನು ತಮ್ಮ ಮೊದಲ ಸಾರ್ವಜನಿಕ ಭಾಷಣ ಅಂತ ಹೇಳಿಕೊಂಡಿದ್ದಾರೆ.

ಗಾಂಧೀಜಿಗೆ ಈ ಕಾಯಿಲೆ ಇತ್ತು ಅಂತ ನಾನು ಹೇಳುತ್ತಿಲ್ಲ. ‘ಗಾಂಧೀಜಿಗೇ ಹೋಯಿತು, ನಿನಗ್ಯಾಕೆ ಹೋಗಲ್ಲ’ ಅಂತ ಮಕ್ಕಳನ್ನು ಗದರಲು ಈ ಕಥೆಯನ್ನು ಬಳಸಬೇಡಿ. ಒಂದೇ ಒಂದು ವಿಷಯ ನೋಡಿ. ಲಂಡನ್ನಿನ ಆ ಸಭೆಯಲ್ಲಿ ಅವರಿಗೆ ಓದಲಾಗದಿದ್ದಾಗ ಅಧ್ಯಕ್ಷರು ಆ ಕಾಗದವನ್ನು ಇನ್ನೊಬ್ಬರಿಂದ ಓದಿಸಿದರು. ಬಾಯಿ ಬಾರದಿದ್ದರೂ ಅವರ ಮಾತು ಸಭೆಗೆ ಮುಟ್ಟಿತು. ನನ್ನ ಹದಿನೇಳನೇ ನಂಬರಿನ ಹುಡುಗನಿಗೆ ಅಷ್ಟೂ ಸಿಗಲಿಲ್ಲ.

ಈಗ ನಮ್ಮ ವಯಸ್ಸಿನವರಿಗೆ ಒಂದೆರಡು ಮಾತು. ಮನೆಗೆ ಬೀಗರು ಬಂದ ಕೂಡಲೇ ‘ಬಾ, ಪದ್ಯ ಹೇಳು’ ಅಂತ ಮೊಮ್ಮಕ್ಕಳನ್ನು ನಡುಮನೆಗೆ ಎಳೆಯುವವರು ನಾವೇ. ಮಗು ಹೇಳದಿದ್ದರೆ ‘ನಮ್ಮ ಹುಡುಗಿ ಬಹಳ ನಾಚಿಕಿಯಾಕಿ’ ಅಂತ ಅದರೆದುರಿಗೇ ಹಣೆಪಟ್ಟಿ ಹಚ್ಚುವವರೂ ನಾವೇ. ಸುಮ್ಮನಿರುವ ಹುಡುಗನಿಗೆ ‘ಹೆಣ್ಣಿಗ’ ಅಂತೇವೆ. ಸುಮ್ಮನಿರುವ ಹುಡುಗಿಗೆ ‘ಬಂಗಾರದಂಥಾಕಿ, ಬಾಯಿ ಇಲ್ಲ’ ಅಂತ ಹೊಗಳುತ್ತೇವೆ. ಹುಡುಗನ ಸಂಕಟ ಬೈಗುಳದಲ್ಲಿ ಮುಳುಗುತ್ತದೆ. ಹುಡುಗಿಯದು ಹೊಗಳಿಕೆಯಲ್ಲಿ ಮುಚ್ಚಿಹೋಗುತ್ತದೆ.

ನಾನು ಮೊಮ್ಮಗಳಿಗೆ ಮೊದಲು ಹೇಳಿದ್ದು ಇಷ್ಟೇ: “ಹೊಟ್ಟಿ ನೋಯೋದು ಖರೆ. ನೀ ಸುಳ್ಳು ಹೇಳಾಕತ್ತಿಲ್ಲ ಅಂತ ನನಗ ಗೊತ್ತದ.” ಆಕೆ ಅತ್ತಳು. ಅಳು ನಿಂತ ಮೇಲೆ ಇಬ್ಬರೂ ಕೂಡಿ ಒಂದು ಹಾಳೆಯ ಮೇಲೆ ಮೆಟ್ಟಿಲು ಬರೆದೆವು. ಕೆಳಗಿನ ಮೆಟ್ಟಿಲು, ತಾತನಿಗೆ ಒಂದು ಸುದ್ದಿ ಓದಿ ಹೇಳುವುದು. ಎರಡನೆಯದು, ಅಡುಗೆಮನೆಯಲ್ಲಿ ಅಜ್ಜಿಗೆ. ಮೂರನೆಯದು, ಪಕ್ಕದ ಮನೆಯ ಅಕ್ಕನಿಗೆ. ನಾಲ್ಕನೆಯದು, ಶಾಲೆಯಲ್ಲಿ ಟೀಚರ್ ಒಬ್ಬರಿಗೇ. ಐದನೆಯದು, ಗೆಳತಿಯ ಜೊತೆ ನಿಂತು ತರಗತಿಯಲ್ಲಿ. ಪ್ರಾರ್ಥನೆಯ ಮೈದಾನ ಎಲ್ಲಕ್ಕಿಂತ ಮೇಲೆ. ಒಂದು ಮೆಟ್ಟಿಲಲ್ಲಿ ಎದೆಬಡಿತ ಇಳಿಯುವ ತನಕ ಅಲ್ಲೇ ಇರಬೇಕು, ಮೇಲಿನದಕ್ಕೆ ಅವಸರ ಮಾಡಬಾರದು. ತೀರಾ ಕೆಳಗೂ ಇಳಿಯಬಾರದು. ಆಕೆಯ ಪರವಾಗಿ ನಾವೇ ಮಾತಾಡಿಬಿಡುವುದನ್ನೂ ನಿಲ್ಲಿಸಿದೆವು. ಅಂಗಡಿಯಲ್ಲಿ ತನಗೆ ಬೇಕಾದ ನೋಟ್‌ಬುಕ್ಕನ್ನು ತಾನೇ ಕೇಳಬೇಕು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅಷ್ಟೇ.

ನನ್ನ ಮಗ ಶಾಲೆಗೆ ಹೋಗಿ ಟೀಚರ ಹತ್ತಿರ ಮಾತಾಡಿದ. ಅವರು ತಿಳಿದವರು. “ಅಲ್ಲೀ ತನಕ ಹಾಜರಿಗೆ ಕೈ ಎತ್ತಿದ್ರ ಸಾಕು” ಅಂದರಂತೆ. ಮಗ ಮನೆಗೆ ಬಂದು ಇದನ್ನು ಹೇಳಿದಾಗ ನಾನು ಎದ್ದು ಹೊರಗೆ ಹೋದೆ. ಇಷ್ಟು ಸುಲಭದ ಮಾತು 1994ರಲ್ಲಿ ನನ್ನ ಬಾಯಿಗೆ ಯಾಕೆ ಬರಲಿಲ್ಲ?

ಮೊಮ್ಮಗಳು ಈಗ ಐದನೇ ಮೆಟ್ಟಿಲಲ್ಲಿದ್ದಾಳೆ. ಗೆಳತಿಯ ಜೊತೆ ನಿಂತು ನಾಲ್ಕು ಸಾಲು ಓದಿದಳು. ದನಿ ನಡುಗಿತಂತೆ. ಹಿಂದಿನ ಬೆಂಚಿನ ಒಬ್ಬ ನಕ್ಕನಂತೆ. “ನಕ್ಕರೂ ಓದಿ ಮುಗಿಸಿದೆ ತಾತ” ಅಂದಳು. ಗುರುವಾರ ಹೊಟ್ಟೆ ಇನ್ನೂ ಸ್ವಲ್ಪ ನೋಯುತ್ತದೆ. ನೋಯುತ್ತಲೇ ಹೋಗುತ್ತಾಳೆ.

ಎಲ್ಲರಿಗೂ ಮನೆಯ ಮೆಟ್ಟಿಲು ಸಾಲುವುದಿಲ್ಲ. ಭಯ ಆರು ತಿಂಗಳಾದರೂ ಬಿಡದಿದ್ದರೆ, ಓದು, ಗೆಳೆತನ, ಊಟ, ನಿದ್ದೆ ಕೆಡುತ್ತಿದ್ದರೆ, ಮಗು ಶಾಲೆಯನ್ನೇ ಬಿಡುವಂತಿದ್ದರೆ, ಅಥವಾ ಬದುಕೇ ಬೇಡ ಅನ್ನುವ ಮಾತು ಒಂದೇ ಒಂದು ಸಲ ಬಂದರೂ, ಡಾಕ್ಟರ ಹತ್ತಿರ ಹೋಗಲೇಬೇಕು. ಮನೋವೈದ್ಯರು ಅಂದರೆ ಹುಚ್ಚಿನ ಡಾಕ್ಟರು ಅನ್ನುವ ಮಾತನ್ನು ಬಿಡೋಣ. ಈ ತೊಂದರೆಗೆ ಮುಖ್ಯ ಚಿಕಿತ್ಸೆ ಮಾತುಕತೆಯದು. ಭಯದ ಯೋಚನೆಯನ್ನು ಒರೆಗೆ ಹಚ್ಚಿ ನೋಡುವುದು, ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸುವುದು. ಬೇಕಿದ್ದವರಿಗೆ ಮಾತ್ರ ಡಾಕ್ಟರು ಗುಳಿಗೆ ಬರೆಯುತ್ತಾರೆ. ದೊಡ್ಡವರಾದ ಮೇಲೆ ಹೋದರೂ ಗುಣ ಕಾಣುತ್ತದೆ.

ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಮ್ಮ ಭಾಗಕ್ಕೆ ಇದರಲ್ಲಿ ಒಂದು ಹೆಮ್ಮೆಯೂ ಇದೆ. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಒಂದು ಪ್ರಯೋಗ ಮಾಡಿದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೂ ಜ್ವರ-ನೆಗಡಿಯಂತೆ ಊರ ಹತ್ತಿರವೇ ಮದ್ದು ಸಿಗುವಂತೆ ಮಾಡಿದರು. ಅದಕ್ಕೆ ‘ಬಳ್ಳಾರಿ ಮಾದರಿ’ ಅಂತಲೇ ಹೆಸರಾಯಿತು. ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ.

ಇಂದು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಟು ಇದೆ. ಹೋಗುವ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ದಿನ, ವೇಳೆ ಕೇಳಿಕೊಳ್ಳಿ. ಬಾಯಿ ಬಿಟ್ಟು ಕೇಳಲು ಹೆದರಿಕೆಯಿರುವವರ ಪರವಾಗಿ ಮನೆಯವರು ಕೇಳಲಿ, ಇಂಥ ಕಡೆ ಸಹಾಯ ಮಾಡಿದರೆ ತಪ್ಪಿಲ್ಲ. ಮುಖ ತೋರಿಸುವುದೇ ಕಷ್ಟ ಅನ್ನುವವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. 14416 ಒತ್ತಿದರೆ ಹಗಲು-ರಾತ್ರಿ ಯಾವಾಗಲಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಇದು ಯಾರೋ ದಯೆ ತೋರಿಸಿ ಕೊಡುವುದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರ್ಕಾರಿ ಸೇವೆಯಲ್ಲಿ ಮನಸ್ಸಿನ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು.

ಹೋದ ತಿಂಗಳು ಮತ್ತೆ ಮಾನ್ವಿಗೆ ಹೋದೆ, ಈ ಸಲ ಮದುವೆಗಲ್ಲ. ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಂತು, “ಅವತ್ತು ನಿನ್ನ ನಿಲ್ಲಿಸಿ ನಗಿಸಿದ್ದು ನನ್ನ ತಪ್ಪಪ್ಪಾ” ಅಂದೆ. ಆತ ಕೈ ಒರೆಸಿಕೊಳ್ಳುತ್ತ, “ಬಿಡ್ರೀ ಸಾರ್, ಈಗ್ಯಾಕ ಅದು” ಅಂದ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹೊರಡುವಾಗ ತಾನಾಗಿಯೇ ಬಾಯಿ ಬಿಟ್ಟ.

“ಸಾರ್, ನನ್ನ ಮಗ ಮೂರನೇತ್ತದಾಗ ಅದಾನ. ಮನ್ಯಾಗ ಹರಳು ಹುರಿದಂಗ ಮಾತಾಡ್ತಾನ. ಸಾಲ್ಯಾಗ ಒಂದು ಮಾತೂ ಆಡಂಗಿಲ್ಲಂತ. ಮೂಗ ಅದಾನೇನು ಅಂತ ಕೇಳ್ಯಾರ್ರೀ.” ಸ್ವಲ್ಪ ತಡೆದು, “ನನಗಾದಂಗ ಅವನಿಗಾಗಬಾರದ್ರೀ” ಅಂದ.

ತನಗಾಗಿ ಬ್ಯಾಂಕಿನ ಬಾಗಿಲು ದಾಟದವನು ಮಗನಿಗಾಗಿ ಕೇಳಿದ. ಆಸ್ಪತ್ರೆಯ ವಿಷಯ ಹೇಳಿದೆ. ಫೋನ್ ನಂಬರ್ ಕೊಟ್ಟು, ಮಾತಾಡುವುದು ಬೇಡ, ಬರೆದು ಕಳಿಸು ಸಾಕು ಅಂದೆ.

ಮೊನ್ನೆ ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದಾನೆ. ಅದೇ ಮಾತು, ಅದೇ ಮರ್ಯಾದೆ: “ಮಂಗಳವಾರ ಹೋಗೋಣ್ರೀ ಸಾರ್. ನೀವೂ ಜೊತಿಗಿರ್ರೀ. ಮಗನ ಸಂಗಟ ನನ್ನದೂ ತೋರಿಸ್ತೀನಿ.”

ಮಂಗಳವಾರ ಬೆಳಿಗ್ಗೆ ನಾನು ಮಾನ್ವಿ ಬಸ್ಸು ಹಿಡಿಯಬೇಕು. ಅಷ್ಟರೊಳಗೆ ನೀವೊಂದು ಕೆಲಸ ಮಾಡಿ, ಮಕ್ಕಳೇ. ನಿಮ್ಮ ತರಗತಿಯಲ್ಲಿ ಯಾರಾದರೂ ಎದ್ದು ನಿಂತು ಮಾತು ಬಾರದೆ ನಡುಗುತ್ತಿದ್ದರೆ ನಗಬೇಡಿ, ಪಕ್ಕಕ್ಕೆ ಹೋಗಿ ನಿಲ್ಲಿ. ಅಜ್ಜ-ಅಜ್ಜಿಯರೇ, ಬೆಳಿಗ್ಗೆ ಹೊಟ್ಟೆ ಹಿಡಿದು ಕೂತ ಮಗುವಿಗೆ ಅಜವಾನ ಕೊಡಿ. ಅದು ನೋಯುವ ದಿನ ಯಾವುದು ಅಂತ ಕ್ಯಾಲೆಂಡರನ್ನೂ ಒಮ್ಮೆ ನೋಡಿ.